ಅಳತೆ ಕೇಳದೆ ಹೆಣೆದ ಹೊದಿಕೆ

ಪ್ರಶ್ನೆ: ನನಗೆ 63 ವರ್ಷ. ಧಾರವಾಡದಲ್ಲಿ ಒಬ್ಬಳೇ ಇದ್ದೇನೆ. ಮೊದಲಿನಿಂದಲೂ ಕ್ರೋಶಾ ಹುಚ್ಚು. ಬಾಗಿಲಿಗೆ ತೋರಣ, ಟೀಪಾಯಿ ಮೇಲಿನ ಬಟ್ಟೆ, ಓಣಿಯವರ ಸೀರೆಗಳಿಗೆ ಕುಚ್ಚು ಎಲ್ಲ ಹಾಕಿಕೊಟ್ಟವಳು. ಹದಿನಾಲ್ಕು ತಿಂಗಳ ಹಿಂದೆ ನಮ್ಮ ಯಜಮಾನರು ತೀರಿಕೊಂಡ ಮೇಲೆ ಮಕ್ಕಳಿಗೆಂದು ದೊಡ್ಡ ಹೊದಿಕೆಗಳನ್ನು ಹೆಣೆಯತೊಡಗಿದೆ. ನಕ್ಷೆಯೂ ನನ್ನದೇ: ಒಂದು ಪಟ್ಟಿ ಬುಟ್ಟಿ ಹೆಣಿಗೆ, ಒಂದು ಪಟ್ಟಿ ಜಡೆ, ಇನ್ನೊಂದರಲ್ಲಿ ಮೊಗ್ಗಿನಂತೆ ಉಬ್ಬಿ ನಿಲ್ಲುವ ಪಾಪ್‌ಕಾರ್ನ್. ಚೆನ್ನೈಯಲ್ಲಿರುವ ಮಗಳಿಗೆ ಕೊಟ್ಟ ಉಲ್ಲನ್ ಹೊದಿಕೆ ಅವಳ ಮನೆಯ ಅಟ್ಟ ಸೇರಿದೆ. ಅಮೆರಿಕದಲ್ಲಿ ಮೊಮ್ಮಗ ಹುಟ್ಟಿದಾಗ ಮೂರು ತಿಂಗಳು ಕೂತು ಹೆಣೆದು ಪರಿಚಯದವರ ಕೈಯಲ್ಲಿ ಕಳಿಸಿದೆ. ಕೂಸಿಗೆ ಈಗ ಐದು ತಿಂಗಳು. ಮೊನ್ನೆ ವಿಡಿಯೊ ಕಾಲ್‌ನಲ್ಲಿ ನೋಡಿದರೆ ನನ್ನ ಹೊದಿಕೆ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು, ಕೂಸು ಜಿಪ್ ಹಾಕಿದ ಚೀಲದೊಳಗೆ ಮಲಗಿತ್ತು! ಸೊಸೆಗೆ ಕೈಕೆಲಸದ ಬೆಲೆ ಗೊತ್ತಿಲ್ಲ ಅನ್ನಿಸಿ ಎದೆ ಒಡೆಯಿತು. ಆವತ್ತಿನಿಂದ ನಿದ್ದೆ ಸರಿಯಿಲ್ಲ. ನಿದ್ದೆ ಬಾರದ್ದಕ್ಕೆ ರಾತ್ರಿ ಎರಡರ ತನಕ ಹೆಣೆಯುತ್ತೇನೆ, ಬೆಳಿಗ್ಗೆ ಬೆರಳೆಲ್ಲ ಜೋಮು. ಮಗನಿಗೆ ಹೇಳಿ ಅವಳನ್ನು ಕೇಳಿಸಲೇ? ಇಲ್ಲ, ಹೆಣೆಯುವುದನ್ನೇ ಬಿಡಲೇ? ಯಜಮಾನರಿಗೆಂದು ಆಸ್ಪತ್ರೆಯಲ್ಲಿ ಕೂತು ಶುರು ಮಾಡಿದ್ದು ಅರ್ಧಕ್ಕೇ ನಿಂತಿದೆ. ಅದನ್ನೂ ಬಿಚ್ಚಿಬಿಡಲೇ?

– ಹೆಸರು ಬೇಡ, ಧಾರವಾಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಒಂದು ಹೊದಿಕೆಗೆ ಇಷ್ಟು ನೊಂದುಕೊಳ್ಳಬೇಕೇ’ ಎಂದು ಯಾರಾದರೂ ಅಂದಿದ್ದರೆ ಅವರಿಗೆ ಈ ಲೆಕ್ಕ ಹೇಳಿ. ದೊಡ್ಡವರು ಹೊದೆಯುವಂಥದ್ದಕ್ಕೆ ಸಾಲಿಗೆ 180 ಕಂಬ, ಅಂಥ 120 ಸಾಲು ಎಂದುಕೊಂಡರೂ 21,600 ಕಂಬಗಳಾಗುತ್ತವೆ. ಒಂದೊಂದಕ್ಕೂ ದಾರ ಸುತ್ತಿ, ಕಡ್ಡಿ ತೂರಿಸಿ, ಎಳೆದು, ಮತ್ತೆ ಎಳೆಯಬೇಕು. ಪಾಪ್‌ಕಾರ್ನ್ ಆದರೆ ಒಂದೇ ಮೊಗ್ಗಿಗೆ ಐದು ಕಂಬ ಹಾಕಿ ಒಟ್ಟಿಗೆ ಬಿಗಿಯಬೇಕು. ಹೆಣಿಗೆ ಉಬ್ಬಿದಷ್ಟೂ ದಾರ ತಿನ್ನುತ್ತದೆ, ಹೊತ್ತೂ ತಿನ್ನುತ್ತದೆ. ಅಷ್ಟು ಸಾವಿರ ಸಲ ನೀವು ಆ ಮಗುವನ್ನು ನೆನೆದಿದ್ದೀರಿ. ಆ ಹೊದಿಕೆ ಕುರ್ಚಿಯ ಬೆನ್ನಿಗೆ ನೇತಾಡುವುದನ್ನು ಕಂಡಾಗ ಕುರ್ಚಿಗೆ ನಿಮ್ಮನ್ನೇ ನೇತುಹಾಕಿದಂತೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ. ಅತ್ತಿದ್ದೀರಿ, ಅಳಬೇಕಾದದ್ದೇ.

ಆದರೆ ಆ ಚೀಲದ ವಿಷಯ ಬೇರೆಯೇ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ತಿಳಿದರೆ ನಿಮ್ಮ ಅರ್ಧ ಭಾರ ಇಳಿಯಬಹುದು.

ಒಂದು ವರ್ಷ ತುಂಬುವ ತನಕ ಕೂಸು ಮಲಗುವ ತೊಟ್ಟಿಲಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತನೆಯ ಆಟಿಕೆ ಏನೂ ಇರಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ನಿದ್ದೆಯಲ್ಲಿ ಹೊದಿಕೆ ಮುಖದ ಮೇಲೆ ಸರಿದರೆ ಅದನ್ನು ತಳ್ಳಿಕೊಳ್ಳುವ ಶಕ್ತಿ ಅಷ್ಟು ಎಳೆಯ ಕೂಸಿಗೆ ಇರುವುದಿಲ್ಲ. ಮಲಗಿದ್ದಲ್ಲೇ ಶಿಶುಗಳು ಇದ್ದಕ್ಕಿದ್ದಂತೆ ತೀರಿಕೊಳ್ಳುವುದನ್ನು ತಡೆಯಲು ಆ ದೇಶದಲ್ಲಿ 1994ರಿಂದ ದೊಡ್ಡ ಪ್ರಚಾರವೇ ನಡೆದಿದೆ. ಕೂಸನ್ನು ಬೆನ್ನ ಮೇಲೆ ಅಂಗಾತ ಮಲಗಿಸಿ, ಹಾಸಿಗೆ ಗಟ್ಟಿಯಾಗಿರಲಿ, ಬರಿದಾಗಿರಲಿ ಎಂದು ಅಲ್ಲಿ ಹೆತ್ತವರಿಗೆಲ್ಲ ಹೇಳಿಕೊಡುತ್ತಾರೆ. ನೀವು ಕಂಡ ಜಿಪ್ ಚೀಲ ಹೊದಿಕೆಯ ಬದಲಿಗೆ ತೊಡಿಸುವ ಮಲಗುವ ಅಂಗಿ. ಮಗು ಎಷ್ಟು ಒದ್ದಾಡಿದರೂ ಅದು ಮುಖದ ಮೇಲೆ ಬರುವುದಿಲ್ಲ.

ಹಾಗಾದರೆ ನಿಮ್ಮ ಸೊಸೆ ನಿಮ್ಮ ಮೊಮ್ಮಗನನ್ನು ಜೋಪಾನ ಮಾಡುತ್ತಿದ್ದಾಳೆ. ನಿಮ್ಮ ಹೊದಿಕೆಯನ್ನೂ ಪೆಟ್ಟಿಗೆಗೆ ಹಾಕದೆ, ಮಗುವಿಗೆ ಹಾಲು ಕುಡಿಸಲು ದಿನಕ್ಕೆ ಹತ್ತು ಸಲ ಕೂರುವ ಕುರ್ಚಿಯ ಮೇಲೇ ಇಟ್ಟುಕೊಂಡಿರಬಹುದು. ‘ಬೆಲೆ ಗೊತ್ತಿಲ್ಲ’ ಎಂಬ ನಿಮ್ಮ ಮಾತನ್ನು ಇಲ್ಲಿಗೆ ಕೆಳಗಿಡಿ ಎಂದು ಪ್ರೀತಿಯಿಂದಲೇ, ಆದರೆ ಖಂಡಿತವಾಗಿ ಕೇಳಿಕೊಳ್ಳುತ್ತೇನೆ. ಐದು ತಿಂಗಳ ಬಾಣಂತಿ, ದೂರದ ದೇಶ, ತುಂಡು ನಿದ್ದೆ. ಹೊದಿಕೆ ಯಾಕೆ ಹೊದಿಸಿಲ್ಲ ಎಂದು ವಿವರಿಸಬೇಕೆಂಬುದು ಅವಳಿಗೆ ಹೊಳೆದಿಲ್ಲದೆ ಇರಬಹುದು. ಹೊಳೆದರೂ, ಅತ್ತೆಗೆ ಹೇಗೆ ಹೇಳುವುದು ಎಂದು ಹಿಂಜರಿದಿರಬಹುದು.

ಈಗ ನಿಮ್ಮ ಕಡೆಗೆ ಬರೋಣ. ನೀವು ಸೀರೆ ಕುಚ್ಚು ಹಾಕಿಕೊಟ್ಟವರು. ಸೀರೆಯ ಬಣ್ಣ ನೋಡದೆ ಕುಚ್ಚಿನ ದಾರ ಆರಿಸಿದ್ದುಂಟೇ? ನಮ್ಮ ಟೇಲರ್‌ಗಳಂತೂ ಅಳತೆ ಬ್ಲೌಸ್ ಕೊಡದೆ ಹೊಸ ಬಟ್ಟೆಗೆ ಕತ್ತರಿಯನ್ನೇ ಹಾಕುವುದಿಲ್ಲ. ಹೊದಿಕೆಗೆ ಮಾತ್ರ ನಾವು ಅಳತೆ ಕೇಳುವುದಿಲ್ಲ. ಎಲ್ಲರಿಗೂ ಆಗುತ್ತದಲ್ಲ ಎಂದುಕೊಳ್ಳುತ್ತೇವೆ. ಹೊದಿಕೆಗೆ ತೋಳು, ಎದೆ ಸುತ್ತಳತೆ ಬೇಡ ನಿಜ. ಆದರೆ ಅವರ ಊರಿನ ಸೆಕೆ ಬೇಕು, ಮನೆಯ ಕಪಾಟು ಬೇಕು, ಬಟ್ಟೆ ಒಗೆಯುವ ರೀತಿ ಬೇಕು, ಯಾವ ಹೊತ್ತಿನಲ್ಲಿ ಎಲ್ಲಿ ಕೂರುತ್ತಾರೆ ಎಂಬುದು ಬೇಕು.

ಕೌದಿ ಹೊಲಿಯುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಈ ತೊಂದರೆ ಇರಲಿಲ್ಲ. ಹಳೆಯ ಇಳಕಲ್ ಸೀರೆ, ಸವೆದ ಧೋತರ, ಚಿಕ್ಕದಾದ ಲಂಗ ಇವನ್ನೇ ಪದರ ಪದರವಾಗಿ ಹಾಸಿ ದಾರ ಓಡಿಸುತ್ತಿದ್ದರು. ಯಾರು ಹೊದೆಯುವರೋ ಅವರೇ ಉಟ್ಟು ಮೆತ್ತಗಾದ ಬಟ್ಟೆ ಅದು. ಅಳತೆ ಅದರೊಳಗೇ ಇತ್ತು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕವಂದಿ ಎಂಬ ತಮ್ಮ ಕೌದಿ ಹೊಲಿದು ಮುಗಿಸುವಾಗ ಮೂಲೆಗಳಿಗೆ ‘ಫೂಲ’ ಎಂದು ಬಟ್ಟೆಯ ಪುಟ್ಟ ಮಡಿಕೆ ಹಚ್ಚುತ್ತಾರೆ. ನೋಡಿದಾಗಲೆಲ್ಲ ನನಗೆ ಅದು ಮಗುವಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟಿನಂತೆ ಕಾಣುತ್ತದೆ. ನೀವು ಅಂಗಡಿಯಿಂದ ಹೊಸ ದಾರದ ಉಂಡೆ ತರುತ್ತೀರಿ. ಅದಕ್ಕೆ ನಿಮ್ಮ ಮನೆಯವರ ಮೈಯ ಪರಿಚಯವಿಲ್ಲ. ಆ ಪರಿಚಯವನ್ನು ನೀವೇ ಕೇಳಿ ತಿಳಿದು ಸೇರಿಸಬೇಕಾಗುತ್ತದೆ. ಕೇಳುವುದನ್ನೂ ಹೆಣಿಗೆಯ ಮೊದಲ ಸಾಲು ಎಂದುಕೊಳ್ಳಿ.

ಮಗನ ಮೂಲಕ ಕೇಳಿಸಬೇಡಿ. ನಿಮ್ಮ ಬಾಯಲ್ಲಿ ‘ಬೇಜಾರು’ ಆಗಿ ಹೊರಟದ್ದು ಅವನ ಬಾಯಲ್ಲಿ ‘ಅಮ್ಮ ಸಿಟ್ಟಾಗಿದ್ದಾರೆ’ ಆಗಿ ತಲುಪುತ್ತದೆ. ಸೊಸೆಗೇ ಫೋನ್ ಮಾಡಿ. ಹೊದಿಕೆಯ ಮಾತು ಎತ್ತದೆ, ‘ಕೂಸಿನ ಮಲಗಿಸೋವಾಗ ಏನೇನ್ ಮಾಡಬಾರದು ಅಂತ ಡಾಕ್ಟರ್ ಹೇಳ್ಯಾರವ್ವಾ? ನಾನೂ ತಿಳಕೋತೀನಿ’ ಎಂದು ಕೇಳಿ. ಅವಳು ಹೇಳಲಿ. ಪೂರ್ತಿ ಕೇಳಿಸಿಕೊಳ್ಳಿ, ನಡುವೆ ‘ನಮ್ಮ ಕಾಲದಾಗ’ ಎನ್ನಬೇಡಿ. ಅವಳು ಹೇಳಿ ಮುಗಿಸಿದ ಮೇಲೆ ನಿಮಗೆ ಅನ್ನಿಸಿದ್ದನ್ನೂ ಹೇಳಿ: ‘ಕುರ್ಚಿ ಮ್ಯಾಲೆ ನೋಡಿ ನನಗ ಸ್ವಲ್ಪ ಕೆಟ್ಟ ಅನಿಸಿತ್ತು, ಈಗ ತಿಳೀತು.’ ನೋವನ್ನು ನುಂಗಿಕೊಂಡು ಸುಮ್ಮನಿದ್ದರೆ ಮುಂದಿನ ಫೋನಿನಲ್ಲಿ ಅದು ಬೇರೆ ಯಾವುದೋ ಮಾತಾಗಿ ಹೊರಬೀಳುತ್ತದೆ.

ಆ ಹೊದಿಕೆ ಈಗಲೂ ಉಪಯೋಗಕ್ಕೆ ಬರುತ್ತದೆ. ಕೂಸು ಎಚ್ಚರವಿದ್ದಾಗ, ಹತ್ತಿರ ಯಾರಾದರೂ ಕೂತಿದ್ದಾಗ, ನೆಲದ ಮೇಲೆ ಹಾಸಿ ಬೋರಲು ಬಿಡಬಹುದು. ನಿಮ್ಮ ಬುಟ್ಟಿ ಹೆಣಿಗೆಯ ಏರುತಗ್ಗು, ಜಡೆಯ ತಿರುವು, ಮೊಗ್ಗುಗಳು ಎಲ್ಲ ಆ ವಯಸ್ಸಿನ ಅಂಗೈಗೆ ದೊಡ್ಡ ಆಟ. ಒಂದೇ ಎಚ್ಚರಿಕೆ. ಜಾಳಾದ ಕಡೆ ಎಳೆಯ ಬೆರಳು ಸಿಕ್ಕಿಕೊಳ್ಳುತ್ತದೆ. ದಾರದ ತುದಿ ಬಿಚ್ಚಿಕೊಂಡಿದ್ದರೆ ಅದೂ ಬೆರಳಿಗೆ ಸುತ್ತಿಕೊಳ್ಳಬಹುದು. ಹಾಸುವ ಮೊದಲು ಒಮ್ಮೆ ಕೈಯಾಡಿಸಿ ನೋಡು ಎಂದು ಸೊಸೆಗೆ ಹೇಳಿ. ಮುಂದೆ ಹೆಣೆಯುವಾಗ ತುದಿಗೆ ಒಂದು ಗೇಣು ದಾರ ಬಿಟ್ಟು, ದಪ್ಪ ಸೂಜಿಯಿಂದ ಅತ್ತ ಇತ್ತ ಮೂರು ಸಲ ಸೇರಿಸಿಬಿಡಿ.

ಮಗಳ ಅಟ್ಟದ ಮಾತು ಸುಲಭ. ಚೆನ್ನೈಯ ಸೆಕೆಗೆ ಉಲ್ಲನ್ ಹೊದೆಯುವುದು ಯಾರಿಂದಲೂ ಆಗದು. ಅವಳು ಅದನ್ನು ಅಟ್ಟಕ್ಕೆ ಹಾಕಿದ್ದು ಊರಿನ ಹವೆಯ ಕಾರಣಕ್ಕೆ. ಬೇಕಾದರೆ ಈಗ ಕೇಳಿ, ಎ.ಸಿ. ಕೋಣೆಯಲ್ಲಿ ಕಾಲಿನ ಮೇಲೆ ಹಾಕಿಕೊಳ್ಳಲು ಹತ್ತಿಯ ದಾರದ್ದೊಂದು ಬೇಕೇ ಎಂದು. ಹತ್ತಿಯ ದಾರ ಉಲ್ಲನ್‌ಗಿಂತ ತೂಕ, ಹಾಗಾಗಿ ಅಳತೆ ಚಿಕ್ಕದಿರಲಿ, ಉಬ್ಬು ಕಡಿಮೆ ಇರಲಿ. ಪೂರ್ತಿ ಶುರು ಮಾಡುವ ಮೊದಲು ಅಂಗೈಯಗಲದ ನಾಲ್ಕು ತುಂಡು ಹೆಣೆದು ಅಂಚೆಯಲ್ಲಿ ಕಳಿಸಿ. ಮುಟ್ಟಿ ನೋಡಿ ಒಂದನ್ನು ಅವಳೇ ಆರಿಸಲಿ. ‘ಬೇಡಮ್ಮ’ ಎಂದರೆ ಅದನ್ನೂ ಒಪ್ಪಿಕೊಳ್ಳಿ. ಬೇಡ ಎಂದದ್ದು ಹೊದಿಕೆಗೆ. ನಿಮ್ಮ ಮಗಳು ನಿಮ್ಮ ಮಗಳೇ.

ಕೊಟ್ಟದ್ದನ್ನು ಬಳಸದೆ ಇಡುವುದಕ್ಕೆ ಇನ್ನೊಂದು ಕಾರಣ ಹೆದರಿಕೆ. ಅಮ್ಮ ಇಷ್ಟು ಕಷ್ಟಪಟ್ಟಿದ್ದಾರೆ, ಕಲೆಯಾದರೆ, ಒಗೆದು ಕೆಟ್ಟರೆ ಎಂದು ಎತ್ತಿಟ್ಟುಬಿಡುತ್ತಾರೆ. ಅಪ್ಪಟ ಉಣ್ಣೆಯಾದರೆ ಬಿಸಿನೀರಿನಲ್ಲಿ ಒಗೆದಾಗ ನಿಜಕ್ಕೂ ಕುಗ್ಗಿ ಗಟ್ಟಿಯಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಸಿಗುವ ಅಕ್ರಿಲಿಕ್ ದಾರ ತಣ್ಣೀರಿನ ಮೆಷಿನ್ ತಡೆಯುತ್ತದೆ, ಇಸ್ತ್ರಿಯ ಕಾವು ತಡೆಯುವುದಿಲ್ಲ. ಒಂದು ಚೀಟಿಯಲ್ಲಿ ಇದನ್ನು ಬರೆದು, ಕೆಳಗೆ ‘ಕೆಟ್ಟರೆ ಕೆಡಲಿ, ಬಳಸು’ ಎಂದು ನಿಮ್ಮ ಕೈಯಾರೆ ಸೇರಿಸಿ. ಆ ಒಂದು ಸಾಲಿನಿಂದಲೇ ಎಷ್ಟೋ ಹೊದಿಕೆಗಳು ಕಪಾಟಿನಿಂದ ಹೊರಬಂದಾವು.

ಇದನ್ನು ಓದುತ್ತಿರುವ ಮಗಳು, ಸೊಸೆ, ಮಗ ಯಾರೇ ಇರಲಿ, ನಿಮ್ಮ ಮನೆಯಲ್ಲೂ ಅಮ್ಮ ಹೆಣೆದದ್ದೊಂದು ಮಡಿಸಿಟ್ಟದ್ದು ಇದ್ದರೆ, ಇವತ್ತು ಅದನ್ನು ತೆಗೆದು ಒಂದು ಫೋಟೊ ಕಳಿಸಿ. ಬಳಸಲಾಗದಿದ್ದರೆ ಯಾಕೆ ಆಗುತ್ತಿಲ್ಲ ಎಂದೂ ಹೇಳಿ. ಸುಮ್ಮನಿದ್ದರೆ ಅವರು ಅದಕ್ಕೆ ತಮಗೆ ತೋಚಿದ ಅರ್ಥ ಹಚ್ಚಿಕೊಳ್ಳುತ್ತಾರೆ.

ಇನ್ನು ನಿಮ್ಮ ಕೈ. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ರಾತ್ರಿ, ಬೆಳಗಿನ ಜಾವ ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಎಣ್ಣೆ ಹಚ್ಚಿಕೊಂಡು ಸುಮ್ಮನಾಗಬೇಡಿ. ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದರೆ ಅದನ್ನೂ ಅವರಿಗೆ ಹೇಳಿ. ಅಲ್ಲಿಯ ತನಕ ಅರ್ಧ ಗಂಟೆ ಹೆಣೆದರೆ ಎದ್ದು ಓಡಾಡಿ, ರಾತ್ರಿ ಊಟವಾದ ಮೇಲೆ ಕಡ್ಡಿ ಮುಟ್ಟಬೇಡಿ. ಹೆಣೆಯುವುದನ್ನು ಬಿಡಲೇ ಎಂದು ಕೇಳಿದ್ದೀರಿ. ಬಿಡಬೇಡಿ. ಆದರೆ ನಿದ್ದೆಯ ಹೊತ್ತನ್ನು ನಿದ್ದೆಗೇ ಬಿಟ್ಟುಕೊಡಿ.

ಇಷ್ಟು ಹೇಳಿದ ಮೇಲೂ ನನ್ನ ಮನಸ್ಸು ನಿಮ್ಮ ಪತ್ರದ ಕೊನೆಯ ಎರಡು ಸಾಲಿನಲ್ಲೇ ಇದೆ. ಸೊಸೆಯ ಬಗ್ಗೆ ಅಷ್ಟು ಬರೆದು, ಯಜಮಾನರ ಬಗ್ಗೆ ಇಷ್ಟೇ ಬರೆದಿರಿ. ಹದಿನಾಲ್ಕು ತಿಂಗಳು ಹೆಚ್ಚೇನಲ್ಲ, ಅಮ್ಮಾ. ಎದುರಿಗೆ ಕೂತು ‘ಎಷ್ಟಾತು?’ ಎಂದು ಕೇಳುವವರಿಲ್ಲದ ಮನೆಯಲ್ಲಿ ನೀವು ಹೆಣೆಯುತ್ತಿದ್ದೀರಿ. ಮಕ್ಕಳ ಮನೆಯಲ್ಲಿ ನಿಮ್ಮ ಹೊದಿಕೆಗೆ ಜಾಗ ಸಿಕ್ಕಿದೆಯೇ ಎಂದು ನೋಡುವಾಗ, ಇನ್ನು ಮುಂದೆ ನನಗೆ ಜಾಗ ಎಲ್ಲಿ ಎಂಬ ಪ್ರಶ್ನೆಯೂ ಅದರ ಹಿಂದೆ ಇದೆಯೇನೋ. ಆ ಪ್ರಶ್ನೆಗೆ ಉತ್ತರಿಸುವ ಹೊಣೆಯನ್ನು ಒಂದು ಹೊದಿಕೆಯ ಮೇಲೆ ಹೊರಿಸಬೇಡಿ, ಅದಕ್ಕೆ ಅಷ್ಟು ಬಲವಿಲ್ಲ. ನಿಮ್ಮನ್ನು ಬಲ್ಲ ಒಬ್ಬರ ಹತ್ತಿರ ಬಾಯಿಬಿಟ್ಟು ಕೇಳಿ. ಕುಚ್ಚು ಹಾಕಿಸಿಕೊಂಡ ಓಣಿಯ ಗೆಳತಿಯರಲ್ಲಿ ಒಬ್ಬರನ್ನು ವಾರಕ್ಕೆರಡು ಮಧ್ಯಾಹ್ನ ಮನೆಗೆ ಕರೆಯಿರಿ, ಇಬ್ಬರೂ ಕೂತು ಹೆಣೆಯಿರಿ.

ನಿದ್ದೆ ಇನ್ನೂ ಎರಡು ವಾರ ಹೀಗೇ ಇದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಒಬ್ಬರೇ ತಡೆದುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಫೋನ್ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕು ಬೇಡವೆನಿಸಿದರಂತೂ ಎರಡು ವಾರ ಕಾಯದೆ ಆ ಕ್ಷಣವೇ ಮಾಡಿ. ನಿಮ್ಮ ಊರಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅರ್ಧಕ್ಕೆ ನಿಂತದ್ದನ್ನು ಬಿಚ್ಚಲೇ ಎಂದಿರಿ. ಈಗ ಬಿಚ್ಚಬೇಡಿ, ಮುಗಿಸಲೂ ಕೂರಬೇಡಿ. ಎರಡು ಕಡ್ಡಿಯ ಸ್ವೆಟರ್ ಆದರೆ ಸಾಲಿನ ಎಲ್ಲ ಕುಣಿಕೆಗಳೂ ಬಾಯಿ ತೆರೆದುಕೊಂಡಿರುತ್ತವೆ, ಕಡ್ಡಿ ಜಾರಿದರೆ ಇಡೀ ಸಾಲು ಕೈಬಿಡುತ್ತದೆ. ನಿಮ್ಮ ಕ್ರೋಶಾದಲ್ಲಿ ಎಷ್ಟೇ ಅಗಲವಿರಲಿ, ತೆರೆದಿರುವುದು ಕೊನೆಯ ಒಂದೇ ಕುಣಿಕೆ. ಅದನ್ನು ಸ್ವಲ್ಪ ದೊಡ್ಡದಾಗಿ ಎಳೆದು ಒಂದು ಸೇಫ್ಟಿ ಪಿನ್ ಹಾಕಿ. ಉಳಿದ ದಾರದ ಉಂಡೆಯನ್ನೂ, ಯಾವ ನಂಬರಿನ ಕಡ್ಡಿ ಎಂಬ ಚೀಟಿಯನ್ನೂ ಜೊತೆಗಿಟ್ಟು, ಅವರದೊಂದು ಹಳೆಯ ಧೋತರದಲ್ಲಿ ಸುತ್ತಿಡಿ. ಎಷ್ಟು ವರ್ಷ ಬಿಟ್ಟು ತೆಗೆದರೂ ಅದು ನೀವು ನಿಲ್ಲಿಸಿದ ಕಂಬದಲ್ಲೇ ಇರುತ್ತದೆ.