ಹೃದಯಾಘಾತ ಚಿಕಿತ್ಸೆಯಲ್ಲಿ ರಕ್ತ ತೆಳುಗೊಳಿಸುವ ಔಷಧಗಳು

ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ಪರಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಅಡ್ಡವಾದಾಗ ಸಾಮಾನ್ಯವಾಗಿ ಹೃದಯಾಘಾತವಾಗುತ್ತದೆ. 'ರಕ್ತ ತೆಳುಗೊಳಿಸುವ ಔಷಧ' ಎಂಬ ಬಳಕೆಯ ಮಾತಿನಡಿ ಮೂರು ಬೇರೆ ಬೇರೆ ಗುಂಪುಗಳು ಸೇರಿಹೋಗಿವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ರಕ್ತದ ಕಿರುತಟ್ಟೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟುವುದನ್ನು ತಡೆಯುತ್ತವೆ. 1916ರಲ್ಲಿ ಪತ್ತೆಯಾದ ಹೆಪಾರಿನ್ ಹೆಪ್ಪು ಬೆಳೆಯದಂತೆ ನೋಡಿಕೊಳ್ಳುತ್ತದೆ. ಆಗಲೇ ಕಟ್ಟಿದ ಹೆಪ್ಪನ್ನು ಕರಗಿಸುವುದು ಮಾತ್ರ ಸ್ಟ್ರೆಪ್ಟೊಕೈನೇಸ್, ಟೆನೆಕ್ಟೆಪ್ಲೇಸ್‌ಗಳಂಥ ಮೂರನೆಯ ಗುಂಪು. ಇವು ಪ್ಲಾಸ್ಮಿನೋಜೆನ್ ಅನ್ನು ಪ್ಲಾಸ್ಮಿನ್ ಆಗಿಸುತ್ತವೆ. ಪ್ಲಾಸ್ಮಿನ್ ಹೆಪ್ಪಿನ ಫೈಬ್ರಿನ್ ಎಳೆಗಳನ್ನು ತುಂಡರಿಸುತ್ತದೆ. ಆಸ್ಪಿರಿನ್ ಮತ್ತು ಸ್ಟ್ರೆಪ್ಟೊಕೈನೇಸ್ ಜೊತೆಯಾಗಿ ಸಾವನ್ನು ಇನ್ನಷ್ಟು ತಗ್ಗಿಸುತ್ತವೆ ಎಂದು 1988ರ ಐಸಿಸ್-2 ಅಧ್ಯಯನ ತೋರಿಸಿತು.

ಸ್ಟ್ರೆಪ್ಟೊಕೈನೇಸ್‌ಅನ್ನು ಸುಮಾರು ಒಂದು ತಾಸು ಹನಿಸಬೇಕು. ಟೆನೆಕ್ಟೆಪ್ಲೇಸ್ ತೂಕಕ್ಕೆ ತಕ್ಕಂತೆ ಒಂದೇ ಚುಚ್ಚುಮದ್ದು. ತಾಲ್ಲೂಕು ಆಸ್ಪತ್ರೆಗಳಿಗೆ ಇದು ಒಗ್ಗುವುದು ಈ ಕಾರಣಕ್ಕೆ. ಉದಾಹರಣೆಗೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಭಾಗದ ರೋಗಿ ಬಳ್ಳಾರಿ ನಗರ ತಲುಪುವಷ್ಟರಲ್ಲಿ ಹೃದಯಸ್ನಾಯು ಸಾಯುತ್ತಲೇ ಇರುತ್ತದೆ. ಇಂಥ ಅಂತರ ತುಂಬಲೆಂದು ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ರೂಪಿಸಿತು. 2021ರ ಅಕ್ಟೋಬರ್ 29ರಂದು ಅಗಲಿದ ನಟನ ಹೆಸರಿನ ಈ ಯೋಜನೆಯಡಿ ಆಯ್ದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕೇಂದ್ರದ ತಜ್ಞರ ಸಲಹೆ ಪಡೆದು, ದುಬಾರಿ ಟೆನೆಕ್ಟೆಪ್ಲೇಸ್‌ಅನ್ನು ಉಚಿತವಾಗಿ ನೀಡಲಾಗುತ್ತದೆ.

ಇಸಿಜಿಯಲ್ಲಿ ಎಸ್‌ಟಿ ಭಾಗ ಏರಿದ ಹೃದಯಾಘಾತಕ್ಕೆ ಮಾತ್ರ, ನೋವು ಶುರುವಾದ 12 ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಸಲ್ಲುತ್ತದೆ. 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿದ್ದರೆ ಅದೇ ಮೇಲು. ಹಿಂದೆ ಮಿದುಳಿನ ರಕ್ತಸ್ರಾವವಾದವರಿಗೆ ಈ ಔಷಧ ನಿಷಿದ್ಧ.