ಆಟದೊಳಗಿನ ಹರಾಜುಕಟ್ಟೆ

2012ರ ಮೇ ತಿಂಗಳಲ್ಲಿ ಅಮೆರಿಕದ ಬ್ಲಿಜಾರ್ಡ್ ಸಂಸ್ಥೆಯು ‘ಡಯಾಬ್ಲೊ 3’ ಎಂಬ ಆನ್‌ಲೈನ್ ಆಟವನ್ನು ಹೊರತಂದಿತು. ರಾಕ್ಷಸರನ್ನು ಕೊಂದು, ಆಗ ದೊರೆಯುವ ಖಡ್ಗ, ಕವಚಗಳನ್ನು ಗಳಿಸುತ್ತ ಸಾಗುವುದೇ ಅದರ ತಿರುಳು. ಮರುತಿಂಗಳು ಸಂಸ್ಥೆಯೇ ಆಟದೊಳಗೆ ಹರಾಜುಕಟ್ಟೆಯೊಂದನ್ನು ತೆರೆಯಿತು. ಆಟಗಾರರು ತಮಗೆ ದೊರೆತ ವಸ್ತುಗಳನ್ನು ಪರಸ್ಪರ ನಿಜವಾದ ಹಣಕ್ಕೆ ಮಾರಬಹುದಾಯಿತು. ಹೊರಗಿನ ಕಳ್ಳವ್ಯಾಪಾರದ ಮೋಸವನ್ನು ತಪ್ಪಿಸುವುದು ಉದ್ದೇಶ. ಒಳ್ಳೆಯದೇ, ಆದರೆ ಪ್ರತಿ ಮಾರಾಟದಲ್ಲೂ ಸಂಸ್ಥೆಗೆ ಪಾಲಿತ್ತು.

ಆ ಪಾಲಿನ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಖಡ್ಗವೊಂದು 10 ಡಾಲರಿಗೆ ಮಾರಾಟವಾದರೆ ಶುಲ್ಕ 1 ಡಾಲರ್. ಉಳಿದ 9 ಡಾಲರನ್ನು ಆಟದಿಂದ ಹೊರಗೆ ಪಡೆಯಲು ಮತ್ತೆ ಶೇಕಡ 15, ಅಂದರೆ 1.35 ಡಾಲರ್. ಮಾರಿದವನ ಕೈ ಸೇರುವುದು 7.65 ಡಾಲರ್.

ದೊಡ್ಡ ನಷ್ಟವಾದದ್ದು ಬೇರೆಡೆ. ಬೇಕಾದ ಆಯುಧವು ಕಟ್ಟೆಯಲ್ಲೇ ದೊರೆಯುವಾಗ ರಾಕ್ಷಸನೊಡನೆ ಹೋರಾಡುವುದೇಕೆ? ಆಟದ ಸೊಗಸೇ ಸೊರಗಿತು. ಸಂಸ್ಥೆಯೂ ಇದನ್ನು ಒಪ್ಪಿಕೊಂಡು 2014ರ ಮಾರ್ಚ್ 18ರಂದು ಕಟ್ಟೆಯನ್ನು ಮುಚ್ಚಿತು.

ಮೊಬೈಲ್ ಆಟಗಳಲ್ಲಿ ಹಣ ತೆತ್ತು ವಸ್ತುಗಳನ್ನು ಕೊಳ್ಳುವ ಮಕ್ಕಳು ತರಗತಿಯಲ್ಲಿಯೂ ಇರಬಹುದು. ಅವರನ್ನು ಗದರಿಸುವುದು ತರವಲ್ಲ. ಕೊಂಡದ್ದು, ಗೆದ್ದದ್ದು ಇವೆರಡರಲ್ಲಿ ಯಾವುದನ್ನು ಗೆಳೆಯರಿಗೆ ತೋರಿಸಲು ಹೆಚ್ಚು ಇಷ್ಟ, ಏಕೆ ಎಂಬುದನ್ನು ಐದು ವಾಕ್ಯಗಳಲ್ಲಿ ಬರೆಯಿಸಬೇಕು.