ವಂಶದ ಕಾಯಿಲೆಯೆಂದು ಕೈಚೆಲ್ಲಬೇಡಿ

‘ಅಜ್ಜಿಗೂ ಉಬ್ಬಸ, ಅಪ್ಪನಿಗೂ ಉಬ್ಬಸ, ನನಗೂ ಬಂದೇ ಬರುತ್ತದೆ, ಸಿಗರೇಟು ಬಿಟ್ಟರೆಷ್ಟು, ಸೇದಿದರೆಷ್ಟು’ ಎನ್ನುವ ಹುಡುಗರೇ, ‘ಅಮ್ಮನಿಗೆ ಲೂಪಸ್, ನನಗೆ ಮದುವೆಯೇ ಬೇಡ’ ಎಂದು ಒಳಗೊಳಗೇ ಕೊರಗುವ ಹೆಣ್ಣುಮಕ್ಕಳೇ, ನಿಮಗೆಲ್ಲ ನನ್ನದೊಂದೇ ಮಾತು. ಹೆತ್ತವರಿಂದ ಬರುವುದು ಇಂಥ ಕಾಯಿಲೆಗೆ ಬೇಗ ತುತ್ತಾಗುವ ಮೈಗುಣವೇ ಹೊರತು ಕಾಯಿಲೆಯಲ್ಲ.

ಒಂದೇ ಭ್ರೂಣ ಒಡೆದು ಹುಟ್ಟಿದ ಅವಳಿಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಆದರೂ ಎಷ್ಟೋ ಸಲ ಒಬ್ಬಳಿಗೆ ರೋಗನಿರೋಧಕ ವ್ಯವಸ್ಥೆಯೇ ಮೈಮೇಲೆ ತಿರುಗಿಬೀಳುವ ಲೂಪಸ್ ಬರುತ್ತದೆ, ಇನ್ನೊಬ್ಬಳು ಆರೋಗ್ಯವಾಗಿರುತ್ತಾಳೆ. ಸ್ಪೇನಿನ ವಿಜ್ಞಾನಿಗಳು 2010ರಲ್ಲಿ ಇಂಥ ಜೋಡಿಗಳ ರಕ್ತ ಹೋಲಿಸಿದಾಗ ವ್ಯತ್ಯಾಸ ಕಂಡದ್ದು ಜೀನುಗಳ ಮೇಲೆ ಅಂಟಿಕೊಳ್ಳುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತಿನಲ್ಲಿ. ಅದು ಅಂಟಿದ ಜೀನ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಕಾಯಿಲೆ ಬಂದವರಲ್ಲಿ ರೋಗನಿರೋಧಕ ವ್ಯವಸ್ಥೆಯ ಹಲವು ಜೀನುಗಳು ಆ ಗುರುತು ಕಳೆದುಕೊಂಡಿದ್ದವು.

ಕಾಯಿಲೆಯಿಂದಲೇ ಗುರುತು ಅಳಿಸಿರಬಹುದಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಹೃದಯ ಬಡಿತದ ಏರುಪೇರಿಗೆ ಕೊಡುವ ಪ್ರೊಕೈನಮೈಡ್, ಬಿಪಿಗೆ ಕೊಡುವ ಹೈಡ್ರಲಜೀನ್ ಎರಡೂ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಲ್ಲಿ ಮೀಥೈಲ್ ಅಂಟುವುದನ್ನು ತಗ್ಗಿಸುತ್ತವೆ. ಇವನ್ನು ಬಹುಕಾಲ ನುಂಗಿದ ಕೆಲವರಿಗೆ ಲೂಪಸ್‌ನಂಥದೇ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಗುರುತು ಅಳಿಸುವುದೇ ಕಾಯಿಲೆಗೆ ದಾರಿ ಎನ್ನಲು ನನ್ನ ಮಟ್ಟಿಗೆ ಇದು ಬಲವಾದ ಸಾಕ್ಷಿ.

ಉಬ್ಬಸದಲ್ಲಿ, ಅಂದರೆ ಅಸ್ತಮಾದಲ್ಲಿ, ಕಥೆ ತಿರುಗುಮುರುಗು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕೆಟ್ಟ ಗಾಳಿಗೆ ಹೆಸರಾದ ಊರು. ಸಂಶೋಧಕಿ ಕಾರಿ ನಾಡೋ ಮತ್ತು ಸಂಗಡಿಗರು ಅಲ್ಲಿನ ಮಕ್ಕಳನ್ನು ಗಾಳಿ ಚೆನ್ನಾಗಿರುವ ಪಾಲೊ ಆಲ್ಟೊದ ಮಕ್ಕಳೊಂದಿಗೆ ಹೋಲಿಸಿದರು. ಫ್ರೆಸ್ನೊ ಮಕ್ಕಳ ಫಾಕ್ಸ್‌ಪಿ3 ಜೀನಿನ ಮೇಲೆ ಮೀಥೈಲ್ ಹೆಚ್ಚಿತ್ತು. ರೋಗನಿರೋಧಕ ವ್ಯವಸ್ಥೆಯ ಅತಿರೇಕಕ್ಕೆ ಲಗಾಮು ಹಾಕುವ ಕೋಶಗಳಿಗೆ ಬೇಕಾದ ಜೀನ್ ಅದು. ಆ ಕೋಶಗಳು ಸೊರಗಿದ್ದವು, ಅಸ್ತಮಾ ಜೋರಾಗಿತ್ತು. ಲೂಪಸ್‌ನಲ್ಲಿ ಕೆರಳಿಸುವ ಜೀನುಗಳ ಕಟ್ಟು ಸಡಿಲವಾಗಿತ್ತು. ಇಲ್ಲಿ ತಡೆಯುವ ಜೀನಿನ ಬಾಯಿಯೇ ಕಟ್ಟಿತ್ತು.

ಊರಿನ ಗಾಳಿಯನ್ನು ನೀವೊಬ್ಬರೇ ಬದಲಿಸಲಾರಿರಿ. ಸಿಗರೇಟು ಮಾತ್ರ ನಿಮ್ಮ ಕೈಯಲ್ಲಿದೆ. ಬಸುರಿಯಾಗಿದ್ದಾಗ ತಾಯಿ ಸೇದಿದ್ದರ ಮೀಥೈಲ್ ಗುರುತು ಹುಟ್ಟಿದ ಮಗುವಿನ ರಕ್ತದಲ್ಲೇ ಸಿಗುತ್ತದೆ. ನಮ್ಮಲ್ಲಿ ಸೇದುವವರು ಹೆಚ್ಚಾಗಿ ಗಂಡಸರು, ಆ ಹೊಗೆ ಕುಡಿಯುವವಳು ಪಕ್ಕದಲ್ಲಿ ಕೂತ ಹೆಂಡತಿ. ಸೇದುವವರಿಗೆ ಕೀಲುಗಳನ್ನು ತಿನ್ನುವ ರುಮಟಾಯ್ಡ್ ಸಂಧಿವಾತದ ಅಪಾಯವೂ ಹೆಚ್ಚು. ಸಿಗರೇಟು ಬಿಟ್ಟವರಲ್ಲಿ ಹೊಗೆ ಬದಲಿಸಿದ ಬಹುಪಾಲು ಮೀಥೈಲ್ ಗುರುತುಗಳು ಸುಮಾರು 5 ವರ್ಷದೊಳಗೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಕೆಲವು 30 ವರ್ಷವಾದರೂ ಹೋಗುವುದಿಲ್ಲ. ಅದಕ್ಕೇ ಇಪ್ಪತ್ತರಲ್ಲೇ ಬಿಡಿ ಎನ್ನುತ್ತೇನೆ.

ಹಾಗೆಂದು ಕಾಯಿಲೆ ಬಂದವರನ್ನಾಗಲಿ, ಹೆತ್ತ ತಾಯಿಯನ್ನಾಗಲಿ ದೂರಬೇಡಿ. ಎಷ್ಟೋ ಕಾರಣಗಳು ಯಾರ ಕೈಯಲ್ಲೂ ಇರುವುದಿಲ್ಲ. ಜೀನ್ ಸರಿಪಡಿಸುತ್ತೇವೆಂದು ಪುಡಿ, ಕಷಾಯ ಮಾರುವವರಿಗೆ ದುಡ್ಡು ಸುರಿಯಬೇಡಿ. ಡಾಕ್ಟರು ಕೊಟ್ಟ ಇನ್‌ಹೇಲರ್ ಆಗಲಿ, ಲೂಪಸ್ಸಿನ ಮಾತ್ರೆಯಾಗಲಿ, ಅವರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.